ನಿಶ್ಚಿತಾಳ ಬೈಕಿನ ಎಂಜಿನ್

ಜನವರಿ ಹದಿನೆಂಟು, ಗುರುವಾರ. ಬೆಳಿಗ್ಗೆ 7.40ಕ್ಕೆ ಅಜ್ಜಂಪುರ ಠಾಣೆಗೆ ಬಂದದ್ದು ಕಳ್ಳತನದ ದೂರು. ಕೊಟ್ಟವಳು ಇಪ್ಪತ್ನಾಲ್ಕರ ನಿಶ್ಚಿತಾ. ನಾನೂರು ಮೀಟರ್ ನೇರ ದಾರಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುವ ಡ್ರ್ಯಾಗ್ ರೇಸಿನಲ್ಲಿ ಸತತ ಮೂರು ವರ್ಷ ಹವ್ಯಾಸಿಗಳ ಚಾಂಪಿಯನ್. ಭಾನುವಾರ ನಾಲ್ಕನೆಯ ಸಲ ಸ್ಪರ್ಧೆಗಿಳಿಯಬೇಕಿದ್ದ ಅವಳ ಬೈಕಿನ ಎಂಜಿನ್ ಮಾಯವಾಗಿತ್ತು.

ಎಫ್‌ಐಆರ್ ದಾಖಲಿಸಿದ ಸಬ್ ಇನ್‌ಸ್ಪೆಕ್ಟರ್ ಪ್ರಸನ್ನಕುಮಾರ್ 9.15ಕ್ಕೆ ಕಾನ್‌ಸ್ಟೇಬಲ್ ದೀಪಶ್ರೀಯೊಂದಿಗೆ ಅವಳ ಮನೆಯ ಶೆಡ್ಡಿಗೆ ಹೋದರು. ಪಂಚನಾಮೆ ಬರೆಸುತ್ತಿದ್ದಂತೆ ಅವರಿಗೆ ಇರುಸುಮುರುಸಾಗತೊಡಗಿತು. ಬೀಗ ಒಡೆದಿರಲಿಲ್ಲ. ಬಿಚ್ಚಿದ ಬೋಲ್ಟುಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಲಾಗಿತ್ತು. ಪೆಟ್ರೋಲ್ ಪೈಪಿನ ಬಾಯಿಗೆ ಧೂಳು ಹೋಗದಂತೆ ಶುಭ್ರ ಬಟ್ಟೆ ಕಟ್ಟಿತ್ತು.

"ಬೀಗದ ಕೈ ಎಲ್ಲಿಡ್ತೀಯಮ್ಮಾ?"

"ಬಾಗಿಲ ಮೇಲಿನ ಸಂದೀಲಿ ಸಾರ್. ಪ್ರಾಕ್ಟೀಸಿಗೆ ಬರೋರಿಗೆಲ್ಲ ಗೊತ್ತು. ನಿನ್ನೆ ಹಗಲೆಲ್ಲ ನಾನು ಚಿಕ್ಕಮಗಳೂರಲ್ಲಿದ್ದೆ."

"ಅನುಮಾನ ಯಾರ ಮೇಲೆ?"

"ಕಡೂರಿನ ಮೋಹನ್. ಮೂರು ವರ್ಷಾನೂ ಎರಡನೇ ಸ್ಥಾನ ಅವನಿಗೇ."

ಪ್ರಸನ್ನಕುಮಾರ್ ತಲೆಯಾಡಿಸಿದರು. ಆದರೆ ಸೋಲಿನ ಭಯಕ್ಕೆ ಇವಳೇ ಬಚ್ಚಿಟ್ಟಿರಬಾರದೇಕೆ ಎಂಬ ಗುಮಾನಿ ಜೀಪು ಹತ್ತಿದ ಮೇಲೂ ಅವರನ್ನು ಬಿಡಲಿಲ್ಲ.

ಮಧ್ಯಾಹ್ನ 12.30ಕ್ಕೆ ಕಡೂರಿನಲ್ಲಿ ಸಿಕ್ಕ ಮೋಹನ್ ಹೆದರಲಿಲ್ಲ, ರೇಗಿದ.

"ಅವಳ ಎಂಜಿನ್ ನಿಯಮಕ್ಕಿಂತ ದೊಡ್ಡದಿದೆ, ಬಿಚ್ಚಿ ಅಳತೆ ಮಾಡಿ ಅಂತ ಅರ್ಜಿ ಕೊಟ್ಟೋನೇ ನಾನು ಕಣ್ರೀ. ರೇಸ್ ನಡೆಸೋರು ಒಪ್ಕೊಂಡು ಮಂಗಳವಾರ ಇಬ್ರಿಗೂ ಮೆಸೇಜ್ ಕಳಿಸಿದ್ರು. ಈಗ ನಾನ್ಯಾಕೆ ಕದೀಲಿ?"

ಅವನ ಮೊಬೈಲಿನಲ್ಲಿ ಮೆಸೇಜ್ ಇತ್ತು. ದೀಪಶ್ರೀ ನಿಶ್ಚಿತಾಳಿಗೆ ಫೋನ್ ಮಾಡಿದಳು.

"ನಂಗ್ಯಾವ ಮೆಸೇಜೂ ಬಂದಿಲ್ಲ ಮೇಡಂ. ರೇಸಿನ ವ್ಯವಹಾರಕ್ಕೆಲ್ಲ ಓಂಕಾರಣ್ಣನ ನಂಬರೇ ಕೊಟ್ಟಿರೋದು."

ಓಂಕಾರೇಶ್ ತರೀಕೆರೆಯ ಮೆಕ್ಯಾನಿಕ್. ನಿಶ್ಚಿತಾ ಹದಿನೇಳರ ಹುಡುಗಿಯಾಗಿದ್ದಾಗಿನಿಂದ ಅವಳ ಬೈಕನ್ನು ಪಳಗಿಸಿದವನು. ಅವನ ಅಂಗಡಿಗೆ ಹೋಗುವ ಮೊದಲು ಪ್ರಸನ್ನಕುಮಾರ್ ಪಕ್ಕದ ಬೀದಿಯಲ್ಲಿ ಸಿಲಿಂಡರ್ ಕೊರೆದು ಹಿಗ್ಗಿಸುವ ಲೇತ್ ವರ್ಕ್‌ಶಾಪಿಗೆ ನುಗ್ಗಿದರು. ಅದರ ಯಜಮಾನ ರಘು ಮೊದಲು ತಡವರಿಸಿದ.

"ಎರಡು ವರ್ಷದ ಹಿಂದೆ ಓಂಕಾರಣ್ಣ ಆ ಹುಡುಗಿ ಬೈಕಿನ ಸಿಲಿಂಡರ್ ಕೊರೆಸ್ಕೊಂಡು ಹೋದ್ರು ಸಾರ್. ನಿಯಮಕ್ಕಿಂತ ದೊಡ್ಡದಾಯ್ತು ಅಂದೆ. ಆ ಹುಡುಗಿಗೆ ಹೇಳ್ಬೇಡ ಅಂದ್ರು."

3.50ಕ್ಕೆ ಓಂಕಾರೇಶನ ಅಂಗಡಿಯಲ್ಲಿ ಹಳೆ ಟೈರುಗಳ ಕೆಳಗೆ, ಕಂಬಳಿಯಲ್ಲಿ ಸುತ್ತಿದ ಎಂಜಿನ್ ಸಿಕ್ಕಿತು. ಪಂಚರ ಎದುರು ಅದನ್ನು ವಶಪಡಿಸಿಕೊಂಡು ಅವನನ್ನು ಬಂಧಿಸಿದರು. ಅವನು ವಾದಿಸಲಿಲ್ಲ.

"ಮೊದಲ್ನೇ ವರ್ಷ ಗೆದ್ಲು. ಎರಡನೇ ವರ್ಷ ರೇಸಿಗೆ ಮುಂಚೆ ಟೈಫಾಯ್ಡ್ ಬಂದು ಇಳಿದು ಹೋಗಿದ್ಲು. ಸೋತ್ರೆ ಬೈಕ್ ಮುಟ್ಟಲ್ಲ ಅಂದ್ಲು ಸಾರ್. ಅದೊಂದು ಸಲಕ್ಕೆ ಅಂತ ಕೊರೆಸ್ದೆ. ಆಮೇಲೆ ಹಳೇ ಅಳತೇದು ಹಾಕಿದ್ರೆ ವೇಗ ಬಿದ್ದು ಅವಳಿಗೆ ಗೊತ್ತಾಗ್ಬಿಡ್ತಿತ್ತು. ಭಾನುವಾರ ಎಲ್ಲರೆದುರು ಬಿಚ್ಚಿದ್ರೆ ಕಳ್ಳಿ ಅಂತಿದ್ರು ಅವಳನ್ನ."

ಅವನು ಪ್ರಸನ್ನಕುಮಾರರ ಕೈಲಿದ್ದ ಪೆನ್ನಿನತ್ತ ನೋಡಿದ. "ಅವಳಿಗೆ ಗೊತ್ತಿರ್ಲಿಲ್ಲ ಅಂತ ಬರ್ಕೊಳ್ಳಿ ಸಾರ್. ಅದೊಂದು ಬರ್ಕೊಳ್ಳಿ."

ಪ್ರಸನ್ನಕುಮಾರ್ ಬರೆದುಕೊಂಡರು. ಬೆಳಗಿನಿಂದ ಅವಳ ಮೇಲಿಟ್ಟಿದ್ದ ಗುಮಾನಿಗೆ ಅವರಿಗೇ ನಾಚಿಕೆಯಾಯಿತು.

ಸಂಜೆ ಠಾಣೆಗೆ ಬಂದ ನಿಶ್ಚಿತಾ ಎಲ್ಲವನ್ನೂ ನಿಂತೇ ಕೇಳಿದಳು. ಆಮೇಲೆ ಓಂಕಾರೇಶನತ್ತ ತಿರುಗಿದಳು.

"ಮೊದಲ್ನೇದು?"

"ಅದು ನಿಂದೇ ಕಣಮ್ಮಾ. ದೇವರಾಣೆಗೂ ನಿಂದೇ."

ಅವಳು ದೀಪಶ್ರೀಯಿಂದ ಬಿಳಿ ಹಾಳೆ ಕೇಳಿ ಪಡೆದಳು. ಉಳಿದೆರಡು ಪ್ರಶಸ್ತಿಗಳನ್ನು ಹಿಂದಿರುಗಿಸುತ್ತಿರುವುದಾಗಿ ಬರೆದು, ಸಹಿ ಹಾಕಿ, ಅಳುವುದಕ್ಕೆ ಹೊರಗೆ ಹೋದಳು.