ತಮ್ಮನ ಹರಟೆ ಕುಡಿದ ಪೆಟ್ಟಿಗೆಗಳು

ಅಕ್ಕನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಹಿಂದಿನ ಚಳಿಗಾಲ ಇದೇ ಹಿಮದ ಇಳಿಜಾರಿನಲ್ಲಿ ಕೈಗವಸು ತೆಗೆದು ಹಿಮದ ಸದ್ದು ಕೇಳುವ ಪೆಟ್ಟಿಗೆಯ ಬ್ಯಾಟರಿ ಬದಲಿಸುವಾಗ ಮರಗಟ್ಟಿ ಹೋಗಿದ್ದವು. ಅದಕ್ಕೇ ಅವಳು ಬ್ಯಾಟರಿಯೇ ಬೇಡದ ಪೆಟ್ಟಿಗೆ ಮಾಡಿದಳು. ಎದುರು ಬೆಟ್ಟದ ಟವರಿನಿಂದ ಬರುವ ರೇಡಿಯೋ ಅಲೆಗಳನ್ನು ಹೀರಿ ಅದು ಬದುಕಬೇಕು. ಹಿಮ ಕುಸಿಯುವ ಮುನ್ನ ಒಳಗೆ ಬಿರುಕು ಸದ್ದು ಮಾಡಿದರೆ ಸುದ್ದಿ ಕಳಿಸಬೇಕು. ಇಳಿಜಾರಿನ ಬುಡದಲ್ಲಿ ರಸ್ತೆ ಕೆಲಸದವರ ಡೇರೆಗಳಿದ್ದವು.

ಅಕ್ಕ ತಮ್ಮ ಇಬ್ಬರೇ ಹತ್ತಿದರು. ಎತ್ತ ನೋಡಿದರೂ ಬಿಳುಪು, ಅದರ ಮೇಲೆ ಬೂದಿ ಬಣ್ಣದ ಆಕಾಶ. ತಮ್ಮ ಬಾಯಿಬಡುಕ. ದಾರಿಯುದ್ದಕ್ಕೂ ವಾಕಿಟಾಕಿಯಲ್ಲಿ ಡೇರೆಯ ಅಡುಗೆಯವನನ್ನು ಕೆಣಕುತ್ತಲೇ ಇದ್ದ. ಬಿರುಕಿನ ಅಂಚಿನಲ್ಲಿ ನೆಟ್ಟ ನಾಲ್ಕೂ ಪೆಟ್ಟಿಗೆಗಳ ದೀಪ ಮಿನುಗಿತು. ಅಕ್ಕ ನಕ್ಕಳು.

ಕೆಳಗಿನ ಬಂಡೆಗೆ ಇಳಿದು ನೋಡಿದರೆ ಪೆಟ್ಟಿಗೆಗಳ ಸುದ್ದಿ ತೋರಿಸಬೇಕಾದ ಕೈಯಲ್ಲಿನ ಪರದೆ ಖಾಲಿ. ಅವಳು ತಮ್ಮನ ಕೈಯ ವಾಕಿಟಾಕಿ ನೋಡಿದಳು. ಕೆಲಸದ ಕೋಣೆಯಲ್ಲಿ ಪರೀಕ್ಷಿಸಿದಾಗಲೂ ಇವನು ಪಕ್ಕದಲ್ಲೇ ವಾಕಿಟಾಕಿ ಒತ್ತಿಕೊಂಡು ಕೂತಿದ್ದ.

"ಟವರಿಂದ ಅಲ್ಲ ಕಣೋ. ಇಷ್ಟು ದಿನ ಅವು ನಿನ್ನ ಹರಟೆ ಕುಡಿದು ಬದುಕಿದ್ವು."

ಗಾಳಿ ಏರುತ್ತಿತ್ತು. ಡೇರೆ ಖಾಲಿ ಮಾಡಿ ಎಂದು ತನ್ನ ವಾಕಿಟಾಕಿಯಲ್ಲಿ ರಸ್ತೆ ಕೆಲಸದ ಮೇಸ್ತ್ರಿಯನ್ನು ಕೇಳಿಕೊಂಡಳು. ಎರಡು ಸಲ ಸುಮ್ಮನೆ ಓಡಿಸಿದ್ದು ಸಾಕು, ಇನ್ನು ಪೆಟ್ಟಿಗೆ ಕೂಗಿದರೇ ಏಳುವುದು ಎಂದುಬಿಟ್ಟ.

"ಹಾಗಾದ್ರೆ ನಾನೇ ಹೋಗಿ ಮಾತಾಡ್ತೀನಿ ಬಿಡು," ತಮ್ಮ ಅಂದ. "ನಂಗೆ ಬೇರೇನು ಬರುತ್ತೆ?"

ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿ ಅಕ್ಕನ ಕೈಗೆ ಕೊಟ್ಟು ಹತ್ತಿದ. ದಪ್ಪ ಕೈಗವಸಿಗೆ ವಾಕಿಟಾಕಿಯ ಗುಂಡಿ ಸಿಗಲಿಲ್ಲ, ತೆಗೆದ. ಅಕ್ಕನ ಪರದೆಗೆ ಜೀವ ಬಂತು. ಅಕ್ಕನ ಗೊರಕೆ, ಅಪ್ಪನ ಸೈಕಲ್ಲು, ಸೀದ ಗಂಜಿ, ಬಾಯಿಗೆ ಬಂದದ್ದೆಲ್ಲ ಹೇಳಿದ. ಗವಸು ಹಾಕೋ ಎನ್ನಲು ಅವಳು ಒದ್ದಾಡಿದಳು. ಅವನು ಒತ್ತಿದ ಗುಂಡಿ ಬಿಡದೆ ಇವಳ ಮಾತು ಯಾರಿಗೂ ಮುಟ್ಟುವಂತಿರಲಿಲ್ಲ. ಚಿಕ್ಕಂದಿನಿಂದಲೂ ಅವನ ಮಾತಿನ ನಡುವೆ ಬಾಯಿ ಹಾಕಲು ಅವಳಿಗೆ ಆಗಿರಲಿಲ್ಲ.

ಪರದೆಯ ಗೆರೆ ಜಿಗಿಯಿತು.

ಅಕ್ಕ ಹಗ್ಗ ಜಗ್ಗಿದಳು. ಮಾತು ನಿಲ್ಲಲಿಲ್ಲ. ಮೈಯೆಲ್ಲ ಹಾಕಿ ಜಗ್ಗಿದಳು. ನಿಂತಿತು.

"ಪೆಟ್ಟಿಗೆ ಕೂಗಿದೆ. ಡೇರೆ ಬಿಟ್ಟು ಓಡಿ. ನೀನೂ ಇಳಿಯೋ."

ತಮ್ಮ ಜಾರಿಕೊಂಡು ಬಂದು ಬಂಡೆಗೆ ಬಿದ್ದ. ಹಿಂದೆಯೇ ಇಳಿಜಾರಿನ ಹಿಮವೆಲ್ಲ ಕಿತ್ತು ಹೊರಟಿತು.

ಅವನ ಕೈಯನ್ನು ಅವಳು ಕಂಕುಳಲ್ಲಿ ಅವುಚಿಕೊಂಡಳು. ಬೆರಳು ಸುಣ್ಣದ ಕಡ್ಡಿಯಾಗಿದ್ದವು.

ಕೆಳಗೆ ಮೇಸ್ತ್ರಿ ತನ್ನವರನ್ನು ಎಣಿಸಿ ನೋಡಿದ, ಎಲ್ಲರೂ ಇದ್ದರು. ಹೊಸ ಪೆಟ್ಟಿಗೆ ಯಾವಾಗ ಎಂದು ಕೇಳಿದ. ಅವು ಕೆಲಸ ಮಾಡುವುದಿಲ್ಲ ಎಂದಳು ಅಕ್ಕ.

ಹೋದದ್ದು ನಾಲ್ಕು ಪೆಟ್ಟಿಗೆ, ಒಂದು ವಾಕಿಟಾಕಿ, ಎಲ್ಲ ಡೇರೆಗಳು, ತಮ್ಮನ ಮೂರು ಬೆರಳು.