ಲಾರೆಲ್ ಎಲೆಯ ಹಲಗೆ

ಹಲಗೆಯ ಗುರುತು ಅವಳಿಗೆ ಕಂಡ ಕೂಡಲೇ ಸಿಕ್ಕಿತು. ತಂದವನ ಮುಖ ನೋಡುವುದಕ್ಕೆ ಮಾತ್ರ ಧೈರ್ಯ ಬರಲಿಲ್ಲ.

“ಚೆನ್ನಾಗಿದ್ದೀರಾ, ಉಳಿರಾಣಿ?”

ಆ ಅಡ್ಡಹೆಸರು ಇಟ್ಟವನೂ ಅವನೇ, ಹಾಗೆ ಕರೆದವನೂ ಅವನೊಬ್ಬನೇ.

“ಬನ್ನಿ ಮೇಷ್ಟ್ರೇ,” ಎಂದಳು. ಎದೆ ಹೊಡೆದುಕೊಳ್ಳುತ್ತಿತ್ತು. ವರ್ಷಗಳು ಕಳೆದರೂ ಈ ಹಾಳು ಎದೆಗೆ ಬುದ್ಧಿ ಬಂದಿರಲಿಲ್ಲ.

ತೊಟ್ಟಿಲು ಮಾಡುವುದು ಅವಳ ಅಪ್ಪನ ಕಸುಬು. ತೊಟ್ಟಿಲಿನ ತಲೆಗೆ ಕೂರಿಸುವ ಹಲಗೆಯಲ್ಲಿ ಮಗುವಿನ ಹೆಸರು ಕೆತ್ತುವುದು ಇವಳ ಪಾಲಿನದು. ಹೆಸರಿನ ಪಕ್ಕ ಅದರ ಅರ್ಥಕ್ಕೊಂದು ಪುಟ್ಟ ಚಿತ್ರವೂ ಇರಬೇಕು. ಹಾಗಾಗಿ ಗಿರಾಕಿಯನ್ನು ಅರ್ಥ ಕೇಳುವುದು ಅಂಗಡಿಯ ಪದ್ಧತಿ. ಅದರಾಚೆ ತುಟಿ ಬಿಚ್ಚುವಂತಿಲ್ಲ. ಹಿಂದೊಮ್ಮೆ ಅಪ್ಪ ಖುಷಿಯಲ್ಲಿ “ತಾಯಿ ಮಗು ಆರಾಮಾ?” ಎಂದು ಕೇಳಿದಾಗ ಗಿರಾಕಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟಿದ್ದ. ಅಂದಿನಿಂದ “ಹೆಸರಿನ ಅರ್ಥ ಕೇಳು, ಮನೆಯ ಸುದ್ದಿ ಕೇಳಬೇಡ” ಎಂಬುದು ಅಪ್ಪನ ಕಟ್ಟಪ್ಪಣೆ.

ಮೇಷ್ಟ್ರು ಮೊದಲ ಸಲ ಬಂದಾಗಲೂ ಅವಳು ಅಷ್ಟೇ ಕೇಳಿದ್ದಳು.

“ಲಾರಾ ಅಂತ ಕೆತ್ತಬೇಕು. ಲಾರೆಲ್ ಅನ್ನೋ ಮರದಿಂದ ಬಂದ ಹೆಸರು. ಎಲೆ ಉದುರದ ಮರ ಅದು. ಹಿಂದೆ ಗೆದ್ದು ಬಂದವರ ತಲೆಗೆ ಅದರ ಎಲೆಯ ಕಿರೀಟ ಇಡ್ತಿದ್ರಂತೆ.”

“ತೊಟ್ಟಿಲಲ್ಲೇ ಕಿರೀಟಾನಾ? ಅದೃಷ್ಟವಂತೆ ಬಿಡಿ!”

ಅವನು ನಕ್ಕ. ಆ ನಗುವಿಗೆ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುವುದನ್ನು ಅವಳು ನೋಡಬಾರದಿತ್ತು, ನೋಡಿಬಿಟ್ಟಳು.

ಆಮೇಲೆ ಆ ಒಂದು ಹಲಗೆಗಾಗಿ ಅವನು ಬಂದದ್ದೇ ಬಂದದ್ದು. ಎಲೆಯ ನರ ಹೀಗಿರಬೇಕು, ತೊಟ್ಟು ಹಾಗಿರಬೇಕು ಎಂದು ನೆಪಕ್ಕೇನು ಬರವೇ? ಅವಳ ಕೂದಲಿಗೆ ಮರದ ಪುಡಿ ಹಾರಿ ಕೂತರೆ, “ನಿಮಗೂ ಒಂದು ಕಿರೀಟ ಬಂತು” ಎನ್ನುತ್ತಿದ್ದ. ಒಂದು ಸಂಜೆ ಡ್ಯಾಫ್ನಿ ಎಂಬ ಹೆಸರಿನ ಕಥೆ ಹೇಳಿದ. ಅದಕ್ಕೂ ಲಾರೆಲ್ ಎಂದೇ ಅರ್ಥವಂತೆ. ದೇವರೊಬ್ಬ ಆ ಹುಡುಗಿಯನ್ನು ಮೋಹಿಸಿ ಬೆನ್ನಟ್ಟಿದ. ಅವಳು ಓಡಿ ಓಡಿ, ಇನ್ನು ಆಗದು ಎನ್ನುವಾಗ ಲಾರೆಲ್ ಮರವಾಗಿಬಿಟ್ಟಳು.

“ಅಯ್ಯೋ, ಓಡೋ ಬದಲು ನಿಂತು ಒಂದು ಮಾತಾಡೋಕೆ ಏನಾಗಿತ್ತು ಇಬ್ಬರಿಗೂ?” ಎಂದಿದ್ದಳು ಅವಳು. ಅವನು ಏನೋ ಹೇಳಲು ಬಾಯಿ ತೆರೆದವನು, ಹಾಗೇ ಅವಳನ್ನು ನೋಡುತ್ತಾ ಕೂತಿದ್ದ.

ತೊಟ್ಟಿಲಿಗೆ ಹೆಸರು ಕೆತ್ತಿಸುವವನಿಗೆ ಹೆಂಡತಿ ಇಲ್ಲದಿರುತ್ತಾಳೆಯೇ? ಇನ್ನೊಬ್ಬಳ ಗಂಡನ ಮೇಲೆ ಮನಸ್ಸು ಹೋಯಿತಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು. ಹಲಗೆ ಒಪ್ಪಿಸುವ ದಿನ ಕಣ್ಣೆತ್ತದೆ, “ನಿಮ್ಮ ಮನೆಯಾಕೆಗೆ ಇಷ್ಟವಾಗುತ್ತೆ, ನೋಡ್ತಿರಿ” ಎಂದಳು. ಅವನ ಮುಖ ಬಿಳಿಚಿಕೊಂಡಿತು. ಹಲಗೆ ಎತ್ತಿಕೊಂಡು ಹೋದವನು ಮತ್ತೆ ಬಂದದ್ದು ಇಂದೇ.

“ಈ ಹೆಸರು ಹೆರೆದು ಬೇರೆ ಕೆತ್ತಬೇಕಿತ್ತು,” ಎಂದ. “ಮೊನ್ನೆ ಮಗಳು ಹುಟ್ಟಿದಳು.”

“ಇನ್ನೊಬ್ಬ ಮಗಳಾ?”

“ಮೊದಲನೆಯವಳು.”

ಅವಳ ಕೈ ಹಲಗೆಯ ಮೇಲೇ ನಿಂತಿತು.

“ಅಟ್ಟದಲ್ಲಿಟ್ಟಿದ್ದೆ. ನನ್ನ ಹೆಂಡ್ತಿ ಕಣ್ಣಿಗೆ ಬಿತ್ತು. ಎಲೆ ತುಂಬ ಇಷ್ಟ ಆಯ್ತು ಅವಳಿಗೆ. ಲಾರಾ ಮಾತ್ರ ಬೇಡವಂತೆ. ಆ ಹೆಸರು ಓದಿದಾಗ ನನ್ನ ಮುಖ ಬೇರೆ ಆಗುತ್ತೆ ಅಂದಳು. ಅದೇ ಮರದ್ದು ಬೇರೆ ಹೆಸರು ಇದ್ರೆ ಇಡೋಣ ಅಂತ.”

“ಆವತ್ತು ಮತ್ತೆ...” ಎಂದವಳು ಮುಂದಿನದನ್ನು ನುಂಗಿಕೊಂಡಳು. ಅಪ್ಪನ ಮಾತು ನಾಲಿಗೆಗೆ ಅಷ್ಟು ಒಗ್ಗಿಹೋಗಿತ್ತು.

“ಲಾರಾ ಯಾರ ಮಗು ಅಂತ ನೀವು ಕೇಳ್ತೀರಿ ಅಂತ ಎಷ್ಟು ಕಾದೆ ಗೊತ್ತಾ?” ಎಂದ ಮೇಷ್ಟ್ರು ಮೆಲ್ಲಗೆ. “ಕೇಳಿದ್ರೆ, ನಮ್ಮದು ಅನ್ನೋಣ ಅಂತಿದ್ದೆ. ನಿಮ್ಮದು, ನಂದು. ಮದುವೆ ಆಗ್ತೀರಾ ಅಂತ ನೆಟ್ಟಗೆ ಕೇಳೋಕೆ ಬಾಯಿ ಬರಲಿಲ್ಲ. ಬುದ್ಧಿವಂತ ಅಲ್ವಾ, ತೊಟ್ಟಿಲಿಂದ ಶುರು ಮಾಡಿದೆ. ನೀವು ಮನೆಯಾಕೆ ಅಂದಾಗ, ಬೇರೆ ಯಾರನ್ನಾದರೂ ನೋಡ್ಕೋ ಅಂತ ನಯವಾಗಿ ಹೇಳಿದಿರಿ ಅಂದ್ಕೊಂಡೆ.”

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಅದುಮಿಕೊಂಡು ಹಲಗೆಯನ್ನು ಮೇಜಿಗೆ ಬಿಗಿದು ಕೀಸುಳಿ ಎಳೆದಳು. ಮರದ ಸುರುಳಿಗಳು ಏಳುತ್ತಾ ಹೋದಂತೆ ಲಾರಾ ತೆಳುವಾಗಿ, ಮಸುಕಾಗಿ, ಇಲ್ಲವಾಯಿತು. ಎಲೆ ಮಾತ್ರ ಇದ್ದ ಹಾಗೇ ಇತ್ತು.

“ಎಲೆ ಯಾಕೆ ಅಷ್ಟು ಆಳ ಕೆತ್ತಿದ್ರಿ?” ಅವನು ಕೇಳಿದ.

“ನಿಮ್ಮ ನೆನಪಲ್ಲಿ ಉಳಿ ಹೊಡೀತಾ ಕೂತಿದ್ದೆ ಮೇಷ್ಟ್ರೇ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲಿಲ್ಲ.”

ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ ಬಾರಿಸಿ ದೂರವಾಯಿತು. ಅವನು ಬೆರಳಿಂದ ಎಲೆಯ ಅಂಚನ್ನು ಸವರಿ ಕೈ ಹಿಂದೆ ತೆಗೆದುಕೊಂಡ.

“ಡ್ಯಾಫ್ನಿ ಆಗಬಹುದಾ?” ಎಂದ, ದನಿ ಸರಿಮಾಡಿಕೊಂಡು.

“ಬೇಡ. ಅವಳು ಪಾಪ ಓಡಿದವಳು. ನಮ್ಮಲ್ಲಿ ಯಾರೂ ಓಡಲಿಲ್ಲ, ಯಾರೂ ಅಟ್ಟಲೂ ಇಲ್ಲ. ಸುಮ್ಮನೆ ನಿಂತೇ ಮರ ಆದ್ವಿ.”

“ಲೊರೆಟ್ಟಾ?”

“ಅದು ಪುಟ್ಟ ಲಾರಾ ಅಂತಲೇ ಆಗುತ್ತೆ. ನೀವೇ ಒಂದಿನ ಹೇಳಿದ್ರಿ. ನಿಮ್ಮ ಹೆಂಡ್ತಿ ದಡ್ಡಿ ಅಲ್ಲ ಮೇಷ್ಟ್ರೇ, ಅವರ ಮನಸ್ಸು ನೋಯಿಸಬೇಡಿ. ಲಾರೆನ್ ಅಂತಿಡಿ. ಅದೂ ಆ ಮರದ್ದೇ, ಇನ್ನೊಬ್ಬ ಗಿರಾಕಿ ಕೆತ್ತಿಸಿದ್ರು. ಆದ್ರೆ ನಾವಿಬ್ಬರೂ ಯಾವತ್ತೂ ಬಾಯಿಗೆ ತಂದ ಹೆಸರಲ್ಲ.”

ಅವನು ತಲೆಯಾಡಿಸಿದ. ಸಂಜೆಯವರೆಗೆ ಕೂತು ಕೆತ್ತಿಸಿಕೊಂಡ. ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಬರ್ತೀನಿ, ಉಳಿರಾಣಿ” ಎಂದ. ಇನ್ನು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಿರುವಿನಲ್ಲಿ ಅವನು ಮರೆಯಾಗುವವರೆಗೂ ಅವಳು ಬಾಗಿಲು ಬಿಟ್ಟು ಕದಲಲಿಲ್ಲ.

ಒಳಗಿನಿಂದ ಅಪ್ಪ ಕೆಮ್ಮುತ್ತಾ ಕೇಳಿದರು, “ಯಾರಮ್ಮ ಅದು, ಇಷ್ಟು ಹೊತ್ತು?”

“ಹಳೇ ಗಿರಾಕಿ ಅಪ್ಪ. ಹೆಸರು ಬದಲಾಯಿಸ್ಕೊಂಡು ಹೋದ್ರು.”

“ಮನೆ ಸುದ್ದಿ ಏನೂ ಕೇಳಲಿಲ್ಲ ತಾನೆ?”

“ಇಲ್ಲಪ್ಪ,” ಎಂದಳು. ಕಣ್ಣೀರು ಕೆನ್ನೆಯ ಮೇಲಿನ ಮರದ ಪುಡಿಯನ್ನು ತೋಯಿಸಿ ಇಳಿಯುತ್ತಿತ್ತು. “ನಾನು ಕೇಳಲೇ ಇಲ್ಲ.”