ಗೋಡೆ ಬುಡದಲ್ಲಿ ಕೂತಿದ್ದವನು

ನಿಜಾಮರ ಲೆಕ್ಕದ ಫಸಲಿ ೧೩೩೫ರ, ಅಂದರೆ ೧೯೨೫ರ, ಅಜೂರ ತಿಂಗಳ ಒಂದು ಶನಿವಾರ, ಬೆಳಗಿನ ಎಂಟಕ್ಕೆ ಬೀದರ ಠಾಣೆಗೆ ಬಂದ ಫಿರ್ಯಾದು ವಿಚಿತ್ರವಾಗಿತ್ತು. ಹಳೆಯ ಊರಗೋಡೆಯ ಬುಡದಲ್ಲಿ ಅಗೆತ ಮಾಡಿಸುತ್ತಿದ್ದ ಪುರಾತತ್ವ ಇಲಾಖೆಯ ರಶೀದ ಅಹ್ಮದ ಸಾಹೇಬರಿಗೆ, ಕೂತ ಭಂಗಿಯಲ್ಲೇ ಮಣ್ಣಾದ ಅಸ್ಥಿಪಂಜರವೊಂದು ಸಿಕ್ಕಿತ್ತು. ಸುತ್ತಲಿನ ಮಣ್ಣಲ್ಲಿ ಸಿಕ್ಕ ಹಳೆಯ ತಾಮ್ರದ ನಾಣ್ಯ ನೋಡಿ ಬಹಮನಿ ಕಾಲದ ಕಾವಲುಗಾರನೆಂದು ತೀರ್ಮಾನಿಸಿ, ಹೈದರಾಬಾದಿಗೆ ಕಳಿಸಲು ಪೆಟ್ಟಿಗೆ ಮಾಡಿಸಿದ್ದರು. ಶುಕ್ರವಾರದ ರಜೆ ಕಳೆದು ಬಂದರೆ ಪೆಟ್ಟಿಗೆ ಇತ್ತು, ಎಲುಬು ಇರಲಿಲ್ಲ.

ಠಾಣೆಯ ಅಧಿಕಾರಿ, ಅಮೀನ ಅಬ್ದುಲ ವಾಹೀದ ಎಫ್‌ಐಆರ್ ಬರೆಸಿ, ಜವಾನ ಪಂಢರಿಯೊಡನೆ ಹೊರಟ. ಏಳು ವರ್ಷದಿಂದ ಅವನು ಆ ಗೋಡೆಯ ಮಗ್ಗುಲಿಗೆ ಕಾಲಿಟ್ಟಿರಲಿಲ್ಲ. ದೊಡ್ಡ ಜ್ವರದ ವರ್ಷ, ಅವನು ಔರಾದದ ಬಂದೋಬಸ್ತಿನಲ್ಲಿದ್ದಾಗ, ಹೆಂಡತಿ ಕುಲಸುಮಬೀಯನ್ನು ಅಲ್ಲೇ ಎಲ್ಲೋ ಹೂಳಿದ್ದರು. ಜಾಗ ತೋರಿಸುವವರೂ ಉಳಿದಿರಲಿಲ್ಲ.

ಕೂಲಿಗಳು ದೂರ ನಿಂತಿದ್ದರು. ಕೂತವನು ತಾನೇ ಎದ್ದು ಹೋದ ಎಂಬುದು ಅವರ ಮಾತು.

"ಎದ್ದು ಹೋಗಾವ ದುಡ್ಡು ಬಿಟ್ಟು ಹೋಗ್ತಾನೇನಲೇ?" ಎಂದು ಗೇಲಿ ಮಾಡಿದ ಪಂಢರಿ ತಾನೂ ಕುಳಿಗಿಳಿಯಲಿಲ್ಲ.

ಅಮೀನನೇ ಇಳಿದ. ಆ ನಾಣ್ಯಗಳು ಇದ್ದಲ್ಲೇ ಇದ್ದವು. ಸಾಹೇಬರು ಸುಣ್ಣವೆಂದು ಬದಿಗೆ ಸರಿಸಿದ್ದ ಬಿಳಿ ಉಂಡೆಯ ಚೂರನ್ನು ಬೆರಳಲ್ಲಿ ಉಜ್ಜಿದ. ವಿಭೂತಿ.

ಲಿಂಗವಂತರು ಸತ್ತವರನ್ನು ಕೂಡ್ರಿಸಿ, ವಿಭೂತಿ ಇಟ್ಟು ಮಣ್ಣು ಕೊಡುತ್ತಾರೆ. ಬೀದರಿನಲ್ಲೇ ಬೆಳೆದ ವಾಹೀದ ಇದನ್ನು ಎಷ್ಟೋ ಸಲ ಕಂಡಿದ್ದ. ಹಾಗಾದರೆ ಒಯ್ದವರು ಮತ್ತೆ ಮಣ್ಣು ಕೊಟ್ಟಿರಬೇಕು. ಕೊಟ್ಟಮೇಲೆ, ಸತ್ತವನ ಮುಕ್ತಿಗೆಂದು, ಅವನ ನೆತ್ತಿಯ ನೇರಕ್ಕೆ ಜಂಗಮರ ಪಾದ ಇಡಿಸದೆ ಬಿಟ್ಟಿರಲಾರರು.

ಮಧ್ಯಾಹ್ನ ಮೈಲೂರಿನ ಜಂಗಮರನ್ನು ವಿಚಾರಿಸಿದ.

"ನಿನ್ನಿ ಯಾರರೆ ಕರದಿದ್ರೇನ್ರಿ, ಅಯ್ಯನವರ?"

"ಭಾತಂಬ್ರಾದ ಈರಮ್ಮ ಕರದಿದ್ಳರಿ. ರುದ್ರಭೂಮ್ಯಾಗ ಹೊಸ ಮಣ್ಣಿನ ಮ್ಯಾಲ ಪಾದ ಇಟ್ಟು ಬಂದೀನಿ. ಒಳಗ ಯಾರಂತ ಕೇಳಾಕ ಬಾಯಿ ಬರಲಿಲ್ಲರಿ."

ಈರಮ್ಮ ಆ ಕುಳಿಯಲ್ಲೇ ಮಣ್ಣು ಹೊರುತ್ತಿದ್ದ ಕೂಲಿಯವಳು. ರುದ್ರಭೂಮಿಯಲ್ಲೇ ಸಿಕ್ಕಳು, ಓಡಲಿಲ್ಲ.

"ಎಲುಬು ನೀನs ಒಯ್ದಿ?"

"ಎಲುಬಲ್ರಿ. ನನ್ನ ಗಂಡ."

"ಗುರುತು?"

"ಎತ್ತು ಒದ್ದು ಎಡಗಾಲ ನಳಿಗಿ ಎಲುಬು ಮುರದು ಸೊಟ್ಟ ಕೂಡಿತ್ರಿ. ಅವನ್ನ ಅಲ್ಲಿ ಕೂಡ್ರಿಸಿದಾಕಿನೂ ನಾನs."

"ಸಾಹೇಬರಿಗೆ ಹೇಳಲಿಲ್ಲ ಯಾಕ?"

"ಹೇಳಿದ್ನಿರಿ. ಐದನೂರು ವರ್ಷದಾವ ನಿನ್ನ ಗಂಡ ಹ್ಯಾಂಗಬೇ ಅಂತ ನಕ್ರು."

ಉಳಿದದ್ದನ್ನು ಕೇಳದೆಯೇ ಹೇಳಿದಳು. ಜ್ವರದ ವರ್ಷ ಹೆಣಕ್ಕೆ ಹೆಗಲು ಕೊಡುವವರು ಸಿಗದೆ, ಒಬ್ಬಳೇ ಗೋಡೆ ಬುಡದಲ್ಲಿ ಕುಳಿ ತೋಡಿದ್ದಳು. ಯಾವ ಜಂಗಮರೂ ಬರಲಿಲ್ಲ. ಅಂದಿನಿಂದ ಅವನು ದಿನಾಲು ಹಿತ್ತಲ ಬಾಗಿಲಲ್ಲಿ ಬಂದು ಕೂರುತ್ತಿದ್ದ. ಮಾತಿಲ್ಲ, ತನ್ನ ನೆತ್ತಿ ಮುಟ್ಟಿ ತೋರಿಸುತ್ತಿದ್ದ. ನಿನ್ನೆ ಪಾದ ಇಡಿಸಿದ ಮೇಲೆ ಬಂದಿಲ್ಲ.

ಪೆಟ್ಟಿಗೆ ಹೊರಿಸಿಕೊಂಡು ಸಾಹೇಬರು ಬಂದರು. ಕಾಲಿನ ಸಂಗತಿ ಕೇಳಿದಾಗ ಎಡಗಾಲ ನಳಿಗೆ ಸೊಟ್ಟಗಿದ್ದದ್ದು ನಿಜವೆಂದು ಒಪ್ಪಿದರು. ಪಂಢರಿ ಗುದ್ದಲಿ ಎತ್ತಿದ.

"ನನ್ನ ಒಯ್ಯಿರಿ," ಎಂದಳು ಈರಮ್ಮ. "ಅವನ್ನ ಮತ್ತ ಎಬ್ಬಿಸಬ್ಯಾಡ್ರಿ."

ವಾಹೀದ ಗುದ್ದಲಿ ಕೆಳಗಿಡಿಸಿದ. ಪಂಚರ ಮುಂದೆ ಪಂಚನಾಮೆ ಬರೆಸಿದ: ಜಾಗ ಗುರುತಿಸಲಾಯಿತು, ಮಣ್ಣು ತೆಗೆಯಲಿಲ್ಲ. ಸಂಜೆ ಐದಕ್ಕೆ ಈರಮ್ಮಳ ದಸ್ತಗಿರಿಯಾಯಿತು.

ಠಾಣೆಯ ದಾರಿ ಗೋಡೆಯ ಪಕ್ಕದಲ್ಲೇ ಹಾದು ಹೋಗಿತ್ತು. ಪಂಢರಿಯನ್ನು ಮುಂದೆ ಕಳಿಸಿ ಅಮೀನ ದನಿ ತಗ್ಗಿಸಿದ.

"ಆ ವರ್ಷ ನೀ ಇಲ್ಲೇ ಇದ್ದಿ. ನಮ್ಮ ಮಂದಿನ ಎಲ್ಲಿ ಇಟ್ರು, ನೋಡಿದ್ದೇನವ್ವಾ?"

ಈರಮ್ಮ ಅವನ ಮುಖ ನೋಡಿದಳು. ಆಮೇಲೆ ಬುರುಜಿನ ಕೆಳಗೆ ಕೈ ತೋರಿಸಿದಳು.

ಅಲ್ಲಿ ಸಾಹೇಬರು ಮುಂದೆ ಅಗೆಸಲಿದ್ದ ಕುಳಿಗೆ ಗೂಟ ಹೊಡೆದು, ಹಗ್ಗ ಬಿಗಿದಿತ್ತು.